ಕೊಲೆಗಾರ ಯಾರು ಅಂತ ಗೊತ್ತಾದ ಮೇಲೆ

ಓದುಗರ ಪತ್ರ: ಕಥಾಸ್ಪರ್ಧೆಗೆ ‘ಗಂಭೀರ ಕಥೆಗಳನ್ನು ಮಾತ್ರ ಕಳಿಸಿ’ ಎಂದು ಹಾಕಿದ್ದೀರಿ. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದ್ದು ಜನಪ್ರಿಯ, 30ನೇ ಪುಟಕ್ಕೆ ಮುಚ್ಚಿಟ್ಟಿದ್ದು ಗಂಭೀರ ಅಂತ ತಿಳ್ಕೊಳ್ಳಬೇಕಾ? ನಾನು ಬರೆಯುವುದು ಪತ್ತೇದಾರಿ ಕಥೆ. ಕಳಿಸಲೋ ಬೇಡವೋ?

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಓದಿಸಿಕೊಂಡು ಹೋಗದಿರುವುದು ಗಂಭೀರ ಸಾಹಿತ್ಯದ ಲಕ್ಷಣವೇನಲ್ಲ. ಎಷ್ಟೋ ಸಲ ಅದು ಕೆಟ್ಟ ಬರವಣಿಗೆ, ಅಷ್ಟೇ. ಹಾಗೆಯೇ ಜಾಸ್ತಿ ಮಾರಾಟವಾದ ಮಾತ್ರಕ್ಕೆ ಪುಸ್ತಕ ಹಗುರವೂ ಆಗುವುದಿಲ್ಲ.

ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ನನ್ನೇ ನೋಡಿ. 1860ರಲ್ಲಿ ಅವನ ವಾರಪತ್ರಿಕೆಯಲ್ಲಿ ಬರುತ್ತಿದ್ದ ಬೇರೊಬ್ಬರ ಧಾರಾವಾಹಿ ಜನರಿಗೆ ಹಿಡಿಸಲಿಲ್ಲ. ಪ್ರಸಾರ ಇಳಿಯಿತು. (ಪತ್ರಿಕೆ ನಡೆಸುವವರಿಗೆ ಈ ಸಂಕಟ ಚೆನ್ನಾಗಿ ಗೊತ್ತು.) ಕೊನೆಗೆ ತಾನೇ ಒಂದು ಧಾರಾವಾಹಿ ಶುರು ಮಾಡಿದ. ಅದೇ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’. ಗೆಳೆಯನೊಬ್ಬ ಹೇಳಿದ ಅಂತ ಅದರ ಮುಕ್ತಾಯವನ್ನೂ ಬದಲಿಸಿದ. ಇಷ್ಟೆಲ್ಲ ವ್ಯಾಪಾರದ ಲೆಕ್ಕ ಇದ್ದರೂ ಇವತ್ತು ಅದನ್ನು ಯಾರೂ ‘ಬರೀ ಜನಪ್ರಿಯ’ ಅನ್ನುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಲೇಖಕ ಓದುಗನಿಗೆ ಕೊಡುವ ಮಾತಿನಲ್ಲಿದೆ ಅಂತ ನನಗನ್ನಿಸುತ್ತದೆ. ಪತ್ತೇದಾರಿ ಕಾದಂಬರಿ ಕೈಗೆತ್ತಿಕೊಂಡಾಗಲೇ ಒಂದು ಒಪ್ಪಂದ ಆಗಿಹೋಗಿರುತ್ತದೆ. ಕೊನೆಯಲ್ಲಿ ಕೊಲೆಗಾರ ಸಿಗಬೇಕು, ಸುಳಿವುಗಳು ಮೊದಲೇ ನಮ್ಮ ಕಣ್ಣಿಗೆ ಬಿದ್ದಿರಬೇಕು. ಪ್ರೇಮಕಥೆಯಾದರೆ ಇಬ್ಬರೂ ಒಂದಾಗಬೇಕು. ಮಾತು ತಪ್ಪಿದರೆ ಓದುಗ ಪುಸ್ತಕ ಎಸೆಯುತ್ತಾನೆ, ಎಸೆಯಲೂಬೇಕು. ಇದೆಲ್ಲ ಸುಲಭ ಅಂದುಕೊಂಡವರು ಒಂದೇ ಒಂದು ಪತ್ತೇದಾರಿ ಕಥೆ ಬರೆದು ನೋಡಲಿ.

ಗಂಭೀರ ಕಥೆ ಇಂಥ ಮಾತು ಕೊಡುವುದಿಲ್ಲ. ರಷ್ಯಾದ ಲೇಖಕ ದಾಸ್ತೊಯೆವ್‌ಸ್ಕಿಯ ಕಾದಂಬರಿ ‘ಕ್ರೈಮ್ ಅಂಡ್ ಪನಿಷ್‌ಮೆಂಟ್’ 1866ರಲ್ಲಿ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಕೊಲೆ ಮೊದಲ ಭಾಗದಲ್ಲೇ, ನಮ್ಮ ಕಣ್ಣೆದುರೇ ಆಗಿಹೋಗುತ್ತದೆ. ಕೊಂದವನು ಯಾರು ಅಂತ ಗೊತ್ತು. ಮುಂದೆ ಇನ್ನೂ ಐದು ಭಾಗ ಇವೆ! ಅವನು ಸಿಕ್ಕಿಬೀಳುತ್ತಾನಾ ಅನ್ನುವ ಕುತೂಹಲ ಇದ್ದೇ ಇದೆ. ಆದರೆ ಕೊಂದ ಮೇಲೆ ಅವನು ಹೇಗೆ ಬದುಕುತ್ತಾನೆ ಅನ್ನುವುದೇ ನಮ್ಮನ್ನು ಹಿಡಿದು ಕೂರಿಸುತ್ತದೆ.

ಒಂದು ಸಣ್ಣ ಸನ್ನಿವೇಶ ಇಟ್ಟುಕೊಳ್ಳೋಣ. ಗಂಡನ ಅಂಗಿ ಜೇಬಿನಲ್ಲಿ ಹೆಂಡತಿಗೆ ಎರಡು ಸಿನಿಮಾ ಟಿಕೆಟ್ ಸಿಗುತ್ತವೆ. ಜೊತೆಗೆ ಹೋದವರು ಯಾರು? ಜನಪ್ರಿಯ ಕಾದಂಬರಿ ಅಧ್ಯಾಯವನ್ನು ಅಲ್ಲಿಗೇ ನಿಲ್ಲಿಸುತ್ತದೆ. ನಾವು ಪುಟ ತಿರುಗಿಸುತ್ತೇವೆ. ಇನ್ನೊಂದು ಬಗೆಯ ಕಥೆಯಲ್ಲಿ ಅವಳು ಟಿಕೆಟ್‌ಗಳನ್ನು ಮೊದಲಿದ್ದ ಹಾಗೇ ಮಡಚಿ ಜೇಬಿಗೆ ವಾಪಸ್ ಇಡುತ್ತಾಳೆ. ಅಂಗಿಯನ್ನು ಒಗೆಯಲು ಹಾಕುವುದಿಲ್ಲ. ಸಂಜೆ ಗಂಡ ಕೇಳಿದರೆ ‘ಸೋಪು ಮುಗಿದಿತ್ತು’ ಅನ್ನುತ್ತಾಳೆ. ಈಗ ಸುಳ್ಳು ಹೇಳುವವರು ಆ ಮನೆಯಲ್ಲಿ ಇಬ್ಬರು. ಟಿಕೆಟ್ಟಿನ ಗುಟ್ಟು ಕೊನೆವರೆಗೂ ಒಡೆಯದಿದ್ದರೂ ನಮಗೆ ಮೋಸ ಹೋದೆವು ಅನ್ನಿಸುವುದಿಲ್ಲ.

ಹಾಗಂತ ಗುಟ್ಟು ಒಡೆಯದಿರುವುದೇ ದೊಡ್ಡಸ್ತಿಕೆ ಅಂದುಕೊಳ್ಳಬೇಡಿ. ಮುಕ್ತಾಯ ಹೊಳೆಯದೆ ಸುಮ್ನೆ ಅರ್ಧಕ್ಕೆ ಬಿಟ್ಟ ಕಥೆಗಳೂ ಸ್ಪರ್ಧೆಗೆ ಬರುತ್ತವೆ. ಅವನ್ನು ಪಕ್ಕಕ್ಕಿಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ನಿಮ್ಮ ಕಥೆ ಕಳಿಸಿ. ಕೊಲೆಯಾಗಲಿ, ಪತ್ತೇದಾರ ಬರಲಿ, ಅಡ್ಡಿಯಿಲ್ಲ. ಕೊಲೆಗಾರ ಯಾರು ಅಂತ ಗೊತ್ತಿದ್ದೂ ಎರಡನೇ ಸಲ ಓದಲು ಅದರಲ್ಲಿ ಏನಾದರೂ ಇದೆಯಾ ಅಂತ ತೀರ್ಪುಗಾರರು ನೋಡುತ್ತಾರೆ. ಪದಮಿತಿ ಮಾತ್ರ ಎಲ್ಲರಿಗೂ ಒಂದೇ.