ಪುರಾತತ್ವ ಎಂಎಗೆ ಸೇರಿದ್ದೇನೆ, ಓದಿದ್ದೆಲ್ಲ ಕನ್ನಡ ಮಾಧ್ಯಮ. ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಬೇಗ ಬಾಯಿಪಾಠ ಮಾಡೋದು ಹೇಗೆ?

ಪದಪಟ್ಟಿ ಕೊಳ್ಳಲಾ, ಆನ್‌ಲೈನ್ ಕೋಚಿಂಗ್‌ಗೆ ದುಡ್ಡು ಕಟ್ಟಲಾ, ದಿನಕ್ಕೆ ಇಷ್ಟು ಶಬ್ದ ಅಂತ ಲೆಕ್ಕ ಇಟ್ಟುಕೊಳ್ಳಲಾ ಅಂತ ಕೇಳಿದ್ದೀರಿ. ಊರು ಯಾದಗಿರಿ ಜಿಲ್ಲೆ ಅಂತಲೂ ಬರೆದಿದ್ದೀರಿ. ಮೂರೂ ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನಾನು ಕಲಬುರಗಿಯವನು. ಡಿಗ್ರಿ ಮುಗಿಯೋವರೆಗೂ ಕನ್ನಡದಲ್ಲೇ ಓದಿದ್ದು. ಎಂಎಗೆ ಸೇರಿದಾಗ ನಿಮ್ಮ ಹಾಗೇ ಹೆದರಿದೆ. ಒಂದು ಉದ್ದ ನೋಟ್‌ಬುಕ್ ತಂದೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ. ಸ್ಟ್ರಾಟಿಗ್ರಫಿ ಅಂದ್ರೆ ಸ್ತರವಿನ್ಯಾಸ, ಮಣ್ಣಿನ ಪದರಗಳು ಒಂದರ ಮೇಲೊಂದು ಕೂತ ಕ್ರಮ. ಪೋಸ್ಟ್ ಹೋಲ್ ಅಂದ್ರೆ ಕಂಬದ ಗುಣಿ, ನೆಲದಲ್ಲಿ ದುಂಡಗೆ ಕಪ್ಪಗೆ ಕಾಣುತ್ತೆ. ಸ್ಟೋರೇಜ್ ಪಿಟ್ ಅಂದ್ರೆ ಧಾನ್ಯ ಸಂಗ್ರಹದ ಗುಂಡಿ. ಜಿಗ್ಗುರಾಟ್ ಅಂದ್ರೆ ಮೆಸೊಪೊಟೇಮಿಯಾದ ಮೆಟ್ಟಿಲು ಗೋಪುರ. ಬಸ್ಸಿನಲ್ಲಿ, ಮೆಸ್ಸಿನಲ್ಲಿ, ಎಲ್ಲಿ ಕೂತರೂ ಅದೇ ಜಪ. ಕ್ಲಾಸಿನಲ್ಲಿ ಯಾರಿಗೆ ಡೆಫಿನಿಷನ್ ಬೇಕಾದರೂ ನನ್ನ ಕಡೆ ತಿರುಗುತ್ತಿದ್ದರು. ಅದರ ಜಂಬ ಬೇರೆ.

ಎರಡನೇ ವರ್ಷ ಒಂದು ಉತ್ಖನನಕ್ಕೆ ಕರೆದುಕೊಂಡು ಹೋದರು. ಭೀಮಾ ದಂಡೆಯ ಒಂದು ಹಾಳೂರು ದಿಬ್ಬ, ಹೆಸರು ಬೇಡ. ನನಗೆ ಒಂದು ಟ್ರೆಂಚಿನ, ಅಂದ್ರೆ ಅಗೆಯೋಕೆ ಗುರುತು ಹಾಕಿದ ಚೌಕದ, ದಾಖಲೆ ಕೆಲಸ ಕೊಟ್ಟರು. ಆಳುಗಳು ಪದರ ಪದರವಾಗಿ ಮಣ್ಣು ಕೆರೆಯುತ್ತಾರೆ, ಸಿಕ್ಕ ಮಡಕೆ ಚೂರನ್ನು ಚೀಲಕ್ಕೆ ಹಾಕುತ್ತಾರೆ. ಯಾವ ಚೀಲ ಯಾವ ಪದರದ್ದು ಅಂತ ಚೀಟಿ ಬರೆಯೋದು ನಾನು. ಮೇಲಿನ ಪದರಕ್ಕೆ ನಂಬರ್ 1, ಕೆಳಗೆ ಹೋದ ಹಾಗೆ 2, 3, 4. ನನ್ನ ಡಿಸರ್ಟೇಶನ್ (ಎಂಎಯ ಕಿರುಪ್ರಬಂಧ) ಕೂಡ ಅದೇ ಟ್ರೆಂಚಿನ ಮಡಕೆಗಳ ಮೇಲೆ ಅಂತ ಆಗಿತ್ತು.

ಎರಡನೇ ಪದರ ಕೆರೆಯುವಾಗ ಒಂದು ದುಂಡನೆಯ ಕಪ್ಪು ಗುರುತು ಕಂಡಿತು. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು. ನನಗೆ ಖುಷಿಯೋ ಖುಷಿ. ದುಂಡಗಿದೆ, ಕಪ್ಪಗಿದೆ, ಅಂದ ಮೇಲೆ ಪೋಸ್ಟ್ ಹೋಲ್! ಹಾಗಂತ ಬರೆದೂ ಬಿಟ್ಟೆ. ಕೆಲಸಕ್ಕೆ ಬಂದಿದ್ದ ಆ ಊರಿನ ಒಬ್ಬ ಹಿರಿಯರು, ನಾವೆಲ್ಲ ಕಾಕಾ ಅಂತಿದ್ದೆವು, ಕರಣಿ ಕೆಳಗಿಟ್ಟು ಆ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿದರು.

"ಸರ, ಇದು ಹಗೇವು ಅದರೀ. ಮಣ್ಣು ನೋಡ್ರಿ, ಹೆಂಗ ಸಡ್ಲ ಅದ."

"ಅಲ್ಲ ಕಾಕಾ, ಹಗೇವು ಇಷ್ಟು ಸಣ್ಣ ಇರ್ತದೇನು? ಇದು ಕಂಬದ್ದು," ಅಂದೆ. ಅವರು ಮತ್ತೆ ಮಾತಾಡಲಿಲ್ಲ. ದಿನಗೂಲಿಗೆ ಬಂದವರು ಎಂಎ ಓದೋ ಹುಡುಗನ ಜೊತೆ ಎಷ್ಟು ವಾದ ಮಾಡ್ತಾರೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಿಮಗೆ ಹಗೇವು ಗೊತ್ತೇ ಇರುತ್ತೆ, ಇಲ್ಲದಿದ್ದರೆ ಮನೆಯಲ್ಲಿ ಅಜ್ಜನ ವಯಸ್ಸಿನವರನ್ನು ಕೇಳಿ. ಜೋಳ ತುಂಬಿಡೋ ನೆಲದೊಳಗಿನ ಗುಂಡಿ. ಬಾಯಿ ಸಣ್ಣ, ಹೊಟ್ಟೆ ದೊಡ್ಡದು. ಒಳಗೆಲ್ಲ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಹಾಕುತ್ತಿದ್ದರು. ತೆಗೆದ ಕೂಡಲೇ ಒಳಗೆ ಇಳಿದರೆ ಉಸಿರುಕಟ್ಟಿ ಸಾಯ್ತಾರೆ, ಅದಕ್ಕೆ ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಮೇಲಿಂದ ಕೆರೆಯುತ್ತಾ ಹೋದವನಿಗೆ ಮೊದಲು ಕಾಣೋದು ಆ ಸಣ್ಣ ಬಾಯಿ ಮಾತ್ರ. ಮೂರನೇ ಪದರದ ಹೊತ್ತಿಗೆ ಗುರುತು ಅಗಲ ಆಯಿತು. ನಾಲ್ಕನೆಯದಕ್ಕೆ ಬಂದಾಗ ಟ್ರೆಂಚಿನ ಅರ್ಧದಷ್ಟು ಜಾಗ ಮೆತ್ತನೆಯ ಬೂದು ಮಣ್ಣು. ಪೋಸ್ಟ್ ಹೋಲ್ ಹೀಗೆ ಅಗಲ ಆಗಲ್ಲ. ಆಗಲಾದರೂ ನಿಲ್ಲಿಸಬೇಕಿತ್ತು. ನಾನು ಏನು ಮಾಡಿದೆ ಅಂದ್ರೆ, ಕಂಬದ ಗುಣಿ ಮುಗೀತು, ಇದು ಬೇರೆ ಮಣ್ಣಿನ ನಾಲ್ಕನೇ ಪದರ ಅಂತ ಬರೆದುಕೊಂಡೆ. ಬೂದು ಮಣ್ಣಿನಲ್ಲಿ ಸಿಕ್ಕಿದ್ದು, ಪಕ್ಕದ ಗಟ್ಟಿ ಮಣ್ಣಿನಲ್ಲಿ ಸಿಕ್ಕಿದ್ದು, ಎರಡನ್ನೂ ಒಂದೇ ಚೀಲಕ್ಕೆ ಹಾಕಿಸಿದೆ. ಚೀಟಿ: ಪದರ 4.

ಯಾಕೆ ಇದು ಇಷ್ಟು ದೊಡ್ಡ ತಪ್ಪು? ಆ ಹಗೇವನ್ನು ತೋಡಿದವರು ಮೊನ್ನೆ ಮೊನ್ನೆಯವರು. ಅವರು ನಿಂತಿದ್ದು ಒಂದನೇ ಪದರದ ಮೇಲೆ. ಅಲ್ಲಿಂದ ಕೆಳಗಿನ ಮೂರು ಪದರಗಳನ್ನು ಸೀಳಿಕೊಂಡು ಗುಂಡಿ ಇಳಿದಿದೆ. ಆಮೇಲೆ ಯಾವಾಗಲೋ ಬೇಡ ಅಂತ ಕಸ ಕಡ್ಡಿ ಹಾಕಿ ಮುಚ್ಚಿದ್ದಾರೆ. ಹಾಗಾಗಿ ಗುಂಡಿಯ ಒಳಗಿನ ಮಣ್ಣು ನಾಲ್ಕನೇ ಪದರದಷ್ಟು ಆಳದಲ್ಲಿದ್ದರೂ ಅದರ ಕಾಲ ಒಂದನೇ ಪದರದ್ದೇ. ಆಳ ಬೇರೆ, ಕಾಲ ಬೇರೆ. ಪಕ್ಕದ ಗಟ್ಟಿ ಮಣ್ಣಿನಲ್ಲಿ ಕಪ್ಪು-ಕೆಂಪು ಮಡಕೆಗಳಿದ್ದವು, ಕಬ್ಬಿಣ ಯುಗದವು. ಗುಂಡಿಯಲ್ಲಿ ಅಜ್ಜಿಯರ ಕಾಲದ ಬಳೆ ಚೂರು, ಬೋಕಿ. ನನ್ನ ಚೀಲದಲ್ಲಿ ಎರಡೂ ಸೇರಿ ಸಂಸಾರ ಮಾಡುತ್ತಿದ್ದವು.

ಸಿಕ್ಕಿಬಿದ್ದದ್ದು ಒಂದು ತಾಮ್ರದ ಕಾಸಿನಿಂದ. ಚೀಲ ತೊಳೆಯಲು ಸುರಿದಾಗ ಬಿತ್ತು. ಉಜ್ಜಿದರೆ ಉರ್ದು ಅಕ್ಷರ, ನಿಜಾಮರದ್ದು. ಕಬ್ಬಿಣ ಯುಗದ ಮಡಕೆ ಜೊತೆ ನಿಜಾಮರ ಕಾಸು! ಉತ್ಖನನದ ಹಿರಿಯರು ಬೈಯಲಿಲ್ಲ. ಟ್ರೆಂಚಿನ ಗೋಡೆ ಹತ್ತಿರ ಕರೆದುಕೊಂಡು ಹೋಗಿ, "ಓದು" ಅಂದರು. ಗೋಡೆಯ ಕೊಯ್ತದಲ್ಲಿ, ಅದೇ ಸೆಕ್ಷನ್ ಅನ್ನೋದರಲ್ಲಿ, ಗುಂಡಿಯ ಒಂದು ಬದಿ ಹೂಜಿಯ ಹಾಗೆ ಚೆನ್ನಾಗಿ ಕಾಣುತ್ತಿತ್ತು. ಸ್ಟ್ರಾಟಿಗ್ರಫಿಯ ಡೆಫಿನಿಷನ್ ನನಗೆ ಕಂಠಪಾಠ, ಗೋಡೆ ಓದಲು ಬರಲಿಲ್ಲ. ಆ ಟ್ರೆಂಚಿನ ನಾಲ್ಕನೇ ಪದರದ ಚೀಲಗಳನ್ನೆಲ್ಲ ಲೆಕ್ಕದಿಂದ ತೆಗೆದರು. ನನ್ನ ಡಿಸರ್ಟೇಶನ್ ವಿಷಯ ಹೋಯಿತು. ಮುಂದಿನ ವರ್ಷದ ತಂಡದಲ್ಲಿ ನನ್ನ ಹೆಸರೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಸ್ಟೋರೇಜ್ ಪಿಟ್ ಇತ್ತು ನೋಡಿ, ಅದರ ಪಕ್ಕ ನಾನೇ ಬರೆದಿದ್ದೆ. ಅದು ಹಗೇವೇ ಅಂತ ಹೊಳೆಯಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ನಿಮಗೆ ಇಂಗ್ಲಿಷ್ ಸಮಸ್ಯೆ ಇಲ್ಲ, ಮಣ್ಣು ನೋಡದ ಸಮಸ್ಯೆ ಇದೆ. ಈ ಪಾಠ ದೊಡ್ಡವರಿಗೂ ಸುಲಭಕ್ಕೆ ಬಂದದ್ದಲ್ಲ. ಸಿಂಧೂ ನಾಗರಿಕತೆಯ ಮೊಹೆಂಜೊದಾರೊದಲ್ಲಿ, ಜಾನ್ ಮಾರ್ಷಲ್ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಕಾಲದ ಉತ್ಖನನದಲ್ಲಿ ವಸ್ತುಗಳನ್ನು ಆಳದ ಅಳತೆಯ ಮೇಲೆ ದಾಖಲು ಮಾಡುತ್ತಿದ್ದರು. 1944ರಲ್ಲಿ ಮಾರ್ಟಿಮರ್ ವೀಲರ್ ಅದೇ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮುಖ್ಯಸ್ಥರಾಗಿ ಬಂದ ಮೇಲೆ, ಆಳ ಅಲ್ಲ, ಪದರ ಮುಖ್ಯ ಅಂತ ಹುಡುಗರಿಗೆ ತಿದ್ದಿ ತಿದ್ದಿ ಕಲಿಸಿದರು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದದ್ದೂ ಅವರೇ. ಅದಕ್ಕೂ ಸುಮಾರು ನೂರು ವರ್ಷ ಮೊದಲು ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಜೇವರ್ಗಿ ಕಡೆಯ ಕಲ್ಲುಗೋರಿಗಳನ್ನು ತೆಗೆಸಿ, ಒಳಗಿನ ಪದರಗಳ ಕೊಯ್ತದ ಚಿತ್ರ ಬರೆದಿದ್ದರು. ಅಂದ್ರೆ ಈ ವಿದ್ಯೆ ನಿಮ್ಮ ಬಾಗಿಲಿಗೇ ಅಷ್ಟು ಬೇಗ ಬಂದಿತ್ತು.

ನಿಮ್ಮ ಊರಿನ ಸುತ್ತ ಏನಿದೆ ಅಂತ ನಿಮಗೇ ಗೊತ್ತಿಲ್ಲ ಅನ್ನೋದು ನನ್ನ ಗುಮಾನಿ. ಕೋರ್, ಫ್ಲೇಕ್, ಹ್ಯಾಂಡ್ ಆಕ್ಸ್, ಕ್ಲೀವರ್ ಅಂತ ಕಲ್ಲಾಯುಧದ ಪದಗಳ ಪಟ್ಟಿ ಓದುವ ಬದಲು ಹುಣಸಗಿ ಹತ್ತಿರದ ಇಸಾಂಪುರದ ಬಗ್ಗೆ ಓದಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹುಣಸಗಿ-ಬೈಚಬಾಳ ಕಣಿವೆಯಲ್ಲಿ ದಶಕಗಟ್ಟಲೆ ತಿರುಗಿದವರು. ಇಸಾಂಪುರದಲ್ಲಿ ಅವರಿಗೆ ಸಿಕ್ಕಿದ್ದು ಹಳೆ ಶಿಲಾಯುಗದವರು ಸುಣ್ಣಕಲ್ಲಿನ ಹಾಸು ಎಬ್ಬಿಸಿ, ಅಲ್ಲೇ ಕೂತು ಆಯುಧ ಮಾಡಿದ ಜಾಗ. ಹೊಡೆಯುವ ಕಲ್ಲು, ಚಕ್ಕೆ ಎಬ್ಬಿಸಿ ಉಳಿದ ತಿರುಳು, ಚಕ್ಕೆ, ಪುಡಿ ಚೂರು, ಅರ್ಧಕ್ಕೆ ಬಿಟ್ಟ ಕೈಗೊಡಲಿ, ಎಲ್ಲಾ ಒಂದೇ ಕಡೆ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮಲ್ ಪರೀಕ್ಷೆ ಮಾಡಿ ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಲೆಕ್ಕ ಹಾಕಿದ್ದಾರೆ. ಕಲ್ಲು ಒಡೆಯುವವರು ನಿಮ್ಮ ಕಡೆ ಈಗಲೂ ಇದ್ದಾರೆ. ಒಂದು ಹೊತ್ತು ಅವರ ಹತ್ತಿರ ನಿಂತು ನೋಡಿ. ಏಟು ಬಿದ್ದ ಕಡೆ ಚಕ್ಕೆಯ ಒಳಮೈಯಲ್ಲಿ ಸಣ್ಣ ಉಬ್ಬು ಏಳುತ್ತೆ ಅಲ್ವಾ, ಪುಸ್ತಕದಲ್ಲಿ ಬಲ್ಬ್ ಆಫ್ ಪರ್ಕಶನ್ ಅಂತ ಇರೋದು ಅದೇ. ಇನ್ನು ಮರೆಯೋಕೆ ಆಗಲ್ಲ.

ಸುರಪುರ ಕಡೆಯ ಬೂದಿಹಾಳ ಕೂಡ ಪದ್ದಯ್ಯ ಅವರೇ ಅಗೆದದ್ದು. ಆ್ಯಶ್ ಮೌಂಡ್ ಅಂತ ಓದ್ತೀರಲ್ಲ, ಅದು ನಮ್ಮ ಬೂದಿ ದಿಬ್ಬ. ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿ ರಾಶಿ ಹಾಕಿ ಸುಟ್ಟು ಸುಟ್ಟು ಆದ ದಿಬ್ಬಗಳು. ತೆಲಂಗಾಣದ ಉತ್ನೂರಿನಲ್ಲಿ ಬ್ರಿಟಿಷ್ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ದನದ ಗೊರಸಿನ ಗುರುತೇ ಸಿಕ್ಕಿತು. ಅದಕ್ಕೆ ಮೊದಲು ಜ್ವಾಲಾಮುಖಿ, ರಾಕ್ಷಸರ ಬೂದಿ ಅಂತಲೂ ಏನೇನೋ ಕತೆ ಇದ್ದವು.

ಸನ್ನತಿಗೆ ಒಂದು ಸಲ ಹೋಗಲೇಬೇಕು. ನಾಲವಾರದಲ್ಲಿ ರೈಲು ಇಳಿದರೆ ಹತ್ತಿರ. ಸೆಕೆಂಡರಿ ಕಾಂಟೆಕ್ಸ್ಟ್ ಅಂದ್ರೇನು ಅಂತ ಯಾರಾದರೂ ಕೇಳಿದರೆ ನಾನು ಸನ್ನತಿಯನ್ನೇ ಹೇಳೋದು. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿ ಆವರಣದ ಕಾಳಿಯ ಗುಡಿಯ ಮಾಡು ಕುಸಿಯಿತು. ನೋಡಿದರೆ ಮೂರ್ತಿಗೆ ಪೀಠ ಆಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಮೂರ್ತಿ ಕೂರಿಸಲು ನಡುವೆ ತೂತು ಕೊರೆದು ಒಂದಷ್ಟು ಅಕ್ಷರ ಹೋಗಿವೆ. ಕಲ್ಲು ಅಶೋಕನ ಕಾಲದ್ದು, ಸಿಕ್ಕಿದ ಜಾಗ ಆಮೇಲಿನದು. ಹತ್ತಿರದ ಕನಗನಹಳ್ಳಿಯಲ್ಲಿ ಶಾತವಾಹನರ ಕಾಲದ ಸ್ತೂಪ ಇದೆ. ಮೇಧಿ, ಅಂಡ, ಆಯಕ ಅಂತ ಸ್ತೂಪದ ಭಾಗಗಳ ಹೆಸರು ಓದಿ ತಲೆ ಕೆಡಿಸಿಕೊಳ್ಳುವ ಬದಲು ಅಲ್ಲಿ ಸ್ತೂಪದ ಸುತ್ತ ನಡೆದು ಬನ್ನಿ. ನಾಲ್ಕು ದಿಕ್ಕಿಗೂ ಹೊರಗೆ ಚಾಚಿದ ಕಟ್ಟೆ ಕಾಣುತ್ತೆ, ಅದೇ ಆಯಕ. ರಾಜ ರಾಣಿಯರ ಚಿತ್ರದ ಮೇಲೆ 'ರಾಯ ಅಸೋಕೋ', ಅಂದ್ರೆ ರಾಜ ಅಶೋಕ, ಅಂತ ಕೊರೆದ ಕಲ್ಲು ಸಿಕ್ಕಿದ್ದೂ ಅಲ್ಲೇ.

ಮೆಸೊಪೊಟೇಮಿಯಾಗೆ ಹೋಗಿ ನೋಡೋಕೆ ಆಗಲ್ಲ, ಒಪ್ಪುತ್ತೇನೆ. ಅಲ್ಲಿಯ ಪದಗಳನ್ನು ಅಗೆದವರ ಕೆಲಸದ ಜೊತೆ ಕಲಿಯಿರಿ. 1922ರಿಂದ 1934ರವರೆಗೆ ಬ್ರಿಟಿಷ್ ಪುರಾತತ್ವಜ್ಞ ಲಿಯೊನಾರ್ಡ್ ವೂಲಿ ಉರ್ ಪಟ್ಟಣ ಅಗೆದರು. ರಾಜರ ಗೋರಿಗಳಲ್ಲಿ ತಂತಿವಾದ್ಯದ ಮರ ಕೊಳೆತು ಮಣ್ಣಿನಲ್ಲಿ ಬರೀ ಪೊಳ್ಳು ಉಳಿದಿತ್ತು. ಅವರು ಆ ಪೊಳ್ಳಿಗೆ ಪ್ಲಾಸ್ಟರ್ ಸುರಿದು ವಾದ್ಯದ ಆಕಾರ ಹಿಡಿದರು. ನಿಜವಾದ ಪೋಸ್ಟ್ ಹೋಲ್ ಕೂಡ ಹಾಗೇ, ಮರ ಹೋಗಿರುತ್ತೆ, ಮರ ನಿಂತ ಜಾಗ ಉಳಿದಿರುತ್ತೆ. ಇದನ್ನು ಮೊದಲು ಓದಿದ್ದರೆ ನಾನು ಆ ಗುರುತಿನ ಬದಿ ಕೆರೆದು ನೋಡುತ್ತಿದ್ದೆನೋ ಏನೋ.

ಕೋಚಿಂಗ್ ಬಗ್ಗೆ: ನೆಟ್ ಪರೀಕ್ಷೆಗೆ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಪದಗಳು ಬೇಕು, ಸುಳ್ಳು ಹೇಳಲ್ಲ. ಆದರೆ ಅದಕ್ಕೆ ಸಾವಿರಗಟ್ಟಲೆ ಕೊಡಬೇಡಿ, ಹಳೆ ಪ್ರಶ್ನೆಪತ್ರಿಕೆ ಸಾಕು. ಆ ದುಡ್ಡು ಬಸ್ಸಿಗೆ ಹಾಕಿ. ಸುಮ್ನೆ ಮಾರ್ಚ್ ದಾಟಿದ ಮೇಲೆ ನಮ್ಮ ಬಿಸಿಲಿನಲ್ಲಿ ತಿರುಗಬೇಡಿ, ದೀಪಾವಳಿ ಮುಗಿದ ಮೇಲೆ ಶುರು ಮಾಡಿ. ಹೊಲದ ಬಾವಿ ತೋಡುತ್ತಿದ್ದರೆ, ರಸ್ತೆಗೆ ದಿಬ್ಬ ಕೊಯ್ದಿದ್ದರೆ, ನಿಂತು ಆ ಗೋಡೆ ನೋಡಿ, ಎಷ್ಟು ಪದರ ಇದೆ, ಯಾವುದು ಯಾವುದನ್ನು ಸೀಳಿದೆ ಅಂತ. ಮಡಕೆ ಚೂರು ಕಂಡರೆ ಫೋಟೊ ತೆಗೆದು ಅಲ್ಲೇ ಬಿಡಿ, ಜೇಬಿಗೆ ಹಾಕಿಕೊಂಡ ಚೂರಿಗೆ ಊರೂ ಇಲ್ಲ ಕೇರಿಯೂ ಇಲ್ಲ. ಊರಿನವರು ಏನಾದರೂ ಹೇಳಿದರೆ ಅವರ ಮಾತಿನಲ್ಲೇ ಬರೆದುಕೊಳ್ಳಿ, ಇಂಗ್ಲಿಷ್ ಆಮೇಲೆ ಹುಡುಕಬಹುದು.

ವೈವಾದಲ್ಲಿ, ಅಂದ್ರೆ ಮೌಖಿಕ ಪರೀಕ್ಷೆಯಲ್ಲಿ, ಇಂಗ್ಲಿಷ್ ತಡವರಿಸಿದರೆ ಅಂತ ಕೊನೆಗೆ ಕೇಳಿದ್ದೀರಲ್ಲ. ತಡವರಿಸಿದರೆ ಒಂದು ಹಾಳೆ ಕೇಳಿ, ಸೆಕ್ಷನ್ ಬರೆದು ತೋರಿಸಿ, ಪದರಕ್ಕೆ ನಂಬರ್ ಹಾಕಿ, ಗುಂಡಿ ಎಲ್ಲಿಂದ ಶುರುವಾಗಿದೆ ಅಂತ ಬಾಣ ಹಾಕಿ. ಅದನ್ನು ನೋಡಿದ ಮೇಲೂ ಸ್ಪೆಲ್ಲಿಂಗ್ ಕೇಳುವ ಪರೀಕ್ಷಕರನ್ನು ನಾನಂತೂ ಕಂಡಿಲ್ಲ. ಪೆನ್ಸಿಲ್ ಮತ್ತು ರಬ್ಬರ್ ನೀವೇ ಒಯ್ಯಿರಿ, ಸೆಕ್ಷನ್ ಯಾರೂ ಪೆನ್ನಿನಲ್ಲಿ ಬರೆಯಲ್ಲ.