ಅಂಗಿಗೆ ಚುಚ್ಚಿಕೊಂಡ ಹೆಸರು

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದಿದಾಗಲೆಲ್ಲ ಅಧ್ಯಕ್ಷ ಲಿಂಕನ್, ಉತ್ತರ ರಾಜ್ಯಗಳ ಸೇನಾಪತಿ ಗ್ರಾಂಟ್, ದಕ್ಷಿಣ ರಾಜ್ಯಗಳ ಸೇನಾಪತಿ ಲೀ ಇವರ ಹೆಸರುಗಳೇ ಕಣ್ಣಿಗೆ ಬೀಳುತ್ತವೆ. ಬಂದೂಕು ಹೊತ್ತು ನಡೆದ ಸಾಮಾನ್ಯ ಸೈನಿಕ ಹೇಗೆ ಬದುಕಿದ? ಅವನು ಸತ್ತರೆ ಮನೆಯವರಿಗೆ ಯಾರು ತಿಳಿಸುತ್ತಿದ್ದರು?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆ ನನ್ನನ್ನೂ ವರ್ಷಗಳಿಂದ ಕಾಡಿದೆ. ಆದರೂ ಮೊದಲನೆಯದನ್ನು ಮುಗಿಸಿಬಿಡುತ್ತೇನೆ.

ಉತ್ತರ ರಾಜ್ಯಗಳ ಸೇನೆಯ ಸಾಮಾನ್ಯ ಸೈನಿಕನ ಸಂಬಳ ತಿಂಗಳಿಗೆ 13 ಡಾಲರ್. ಅದೇ ಸೇನೆಗೆ ಸೇರಿದ ಕಪ್ಪು ಸೈನಿಕನಿಗೆ 10. ಅದರಲ್ಲೂ ಬಟ್ಟೆಯ ಲೆಕ್ಕಕ್ಕೆ 3 ಕಡಿತ. ಗುಂಡಿಗೆ ಇಬ್ಬರ ಎದೆಯೂ ಒಂದೇ ಆಗಿದ್ದರೂ ಸಂಬಳ ಸಮನಾಗಲು 1864ರವರೆಗೆ ಕಾಯಬೇಕಾಯಿತು. ಊಟಕ್ಕೆ ಉಪ್ಪು ಹಾಕಿದ ಹಂದಿಮಾಂಸ, ಕಾಫಿ, ಕಲ್ಲಿನಂಥ ಬಿಸ್ಕತ್ತು. ಬಂದೂಕಿನ ಹಿಡಿಯಿಂದ ಕಾಫಿಬೀಜ ಕುಟ್ಟಿ ಕುದಿಸುವುದು, ಬಿಸ್ಕತ್ತನ್ನು ಅದರಲ್ಲಿ ಅದ್ದುವುದು, ತೇಲಿ ಬಂದ ಹುಳುಗಳನ್ನು ತೆಗೆದೆಸೆದು ಕುಡಿಯುವುದು. ಸತ್ತವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಗುಂಡಿನಿಂದಲ್ಲ, ರೋಗದಿಂದ ಸತ್ತವರು. ಹಳ್ಳಿಯಲ್ಲಿ ಒಬ್ಬಂಟಿ ಮನೆಗಳಲ್ಲಿ ಬೆಳೆದ ಹುಡುಗರು ಶಿಬಿರಕ್ಕೆ ಬಂದ ಕೆಲವೇ ವಾರಗಳಲ್ಲಿ ದಡಾರಕ್ಕೆ, ವಿಷಮಶೀತ ಜ್ವರಕ್ಕೆ, ಆಮಶಂಕೆಗೆ ಬಲಿಯಾದರು. ಶತ್ರುವಿನ ಮುಖವನ್ನೇ ನೋಡದೆ ಹೋದವರು ಎಷ್ಟೋ ಮಂದಿ.

ಇನ್ನು ಸುದ್ದಿಯ ಮಾತು. ತಿಳಿಸುವ ಹೊಣೆ ಯಾರ ಮೇಲೂ ಇರಲಿಲ್ಲ. 1861ರಿಂದ 1865ರವರೆಗೆ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತ ಯುದ್ಧವದು. ಸತ್ತವನ ಮನೆಗೆ ಒಂದು ಮಾತು ಮುಟ್ಟಿಸುವ ವ್ಯವಸ್ಥೆಯನ್ನು ಎರಡೂ ಸೇನೆಗಳು ಮಾಡಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಪಕ್ಕದಲ್ಲಿ ಮಲಗುತ್ತಿದ್ದ ಗೆಳೆಯನೋ ಆಸ್ಪತ್ರೆಯ ದಾದಿಯೋ ಕಾಗದ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಗುರುತಿನ ಬಿಲ್ಲೆಯನ್ನೂ ಸೇನೆ ಕೊಡುತ್ತಿರಲಿಲ್ಲ. 1863ರ ನವೆಂಬರ್‌ನಲ್ಲಿ ವರ್ಜೀನಿಯಾದ ಮೈನ್ ರನ್‌ನಲ್ಲಿ ದಾಳಿಯ ಅಪ್ಪಣೆಗಾಗಿ ಚಳಿಯಲ್ಲಿ ಕಾಯುತ್ತಿದ್ದ ಸೈನಿಕರು ಚೀಟಿಗಳಲ್ಲಿ ತಮ್ಮ ಹೆಸರು ಬರೆದು ಅಂಗಿಗೆ ಚುಚ್ಚಿಕೊಂಡರು. ಆ ದಾಳಿ ರದ್ದಾಯಿತು. ಮರುದಿನ ಆ ಚೀಟಿಗಳನ್ನು ಅವರು ಏನು ಮಾಡಿರಬಹುದು ಎಂದು ಆಗಾಗ ಯೋಚಿಸುತ್ತೇನೆ.

ಆಮೊಸ್ ಹ್ಯುಮಿಸ್ಟನ್‌ನ ಬಳಿ ಅಂಥ ಚೀಟಿಯೂ ಇರಲಿಲ್ಲ. ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್‌ನಲ್ಲಿ ಕುದುರೆ ಜೀನು, ಲಗಾಮು ಮಾಡಿ ಬದುಕುತ್ತಿದ್ದವನು; ಅದಕ್ಕೂ ಮೊದಲು ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದಿದ್ದ. 1863ರ ಜುಲೈ 1ರಂದು ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ನಲ್ಲಿ ಸತ್ತ. ಹೆಣ ಸಿಕ್ಕಾಗ ಹೆಸರಿಲ್ಲ, ಪಡೆಯ ಗುರುತಿಲ್ಲ. ಇದ್ದದ್ದು ಗಾಜಿನ ಮೇಲೆ ತೆಗೆದ ಒಂದು ಭಾವಚಿತ್ರ ಮಾತ್ರ: ಮೂವರು ಮಕ್ಕಳು.

ಅದು ಫಿಲಡೆಲ್ಫಿಯಾದ ವೈದ್ಯರೊಬ್ಬರ ಕೈ ಸೇರಿತು. ಆಗ ಪತ್ರಿಕೆಗಳಲ್ಲಿ ಛಾಯಾಚಿತ್ರ ಅಚ್ಚು ಹಾಕುವ ಉಪಾಯವಿರಲಿಲ್ಲ. ಆದ್ದರಿಂದ ಅಕ್ಟೋಬರ್‌ನಲ್ಲಿ ಪತ್ರಿಕೆಗಳು ಚಿತ್ರವನ್ನು ಮಾತಿನಲ್ಲೇ ಬಿಡಿಸಿದವು. ಚಿಕ್ಕ ಹುಡುಗ ಎತ್ತರದ ಕುರ್ಚಿಯಲ್ಲಿ ಕುಳಿತಿದ್ದಾನೆ, ಅತ್ತ ಇತ್ತ ಅಣ್ಣ ಮತ್ತು ಅಕ್ಕ. ಅಣ್ಣನ ಮೇಲಂಗಿ ಅಕ್ಕನ ಉಡುಪಿನ ಬಟ್ಟೆಯಲ್ಲೇ ಹೊಲಿದದ್ದು. ಒಂದೇ ತುಂಡು ಬಟ್ಟೆಯನ್ನು ಇಬ್ಬರು ಮಕ್ಕಳಿಗೆ ಹೊಂದಿಸಿದ ತಾಯಿಗೆ ಅಷ್ಟು ಸಾಲದೆ? ಗೆಟ್ಟಿಸ್‌ಬರ್ಗ್ ಕದನವಾದಾಗಿನಿಂದ ಗಂಡನ ಕಾಗದವಿಲ್ಲದೆ ಕಾದಿದ್ದ ಫಿಲಿಂಡಾ ನವೆಂಬರ್‌ನಲ್ಲಿ ಆ ವಿವರಣೆ ಓದಿದಳು. ಅಂಥ ಚಿತ್ರವೊಂದನ್ನು ಗಂಡನಿಗೆ ಕಳಿಸಿದ್ದವಳೂ ಅವಳೇ. ನಕಲು ಕಳಿಸಿ ಎಂದು ಬರೆಸಿದಳು. ಲಕೋಟೆ ಬಂತು, ಒಡೆದು ನೋಡಿದಳು: ಫ್ರಾಂಕ್, ಆಲಿಸ್, ಫ್ರೆಡ್.

ಮರುವರ್ಷದ ಜನವರಿಯಲ್ಲಿ ಆ ವೈದ್ಯರು ಪೋರ್ಟ್‌ವಿಲ್‌ಗೆ ಹೋಗಿ, ಗಾಜಿನ ಮೂಲಚಿತ್ರವನ್ನು ಅವಳ ಕೈಗೇ ಕೊಟ್ಟು ಬಂದರು.