ಪಾಸ್‌ವರ್ಡ್ ಮರೆತರೆ ಫಾರ್ಮ್ಯಾಟ್ ಹೊಡೆಸಬೇಡಿ

ಪ್ರಶ್ನೆ: ಸರ್, ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕವೆಲ್ಲ ಉಬುಂಟು ಕಂಪ್ಯೂಟರ್‌ನಲ್ಲಿದೆ. ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟ, ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಹುಬ್ಬಳ್ಳಿಯ ರಿಪೇರಿಯವರು ಫಾರ್ಮ್ಯಾಟ್ ಹೊಡೀಲೇಬೇಕು ಅಂತಾರೆ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಈ ಪ್ರಶ್ನೆ ಬಂದಾಗಲೆಲ್ಲ ಯಾರೋ ಒಬ್ಬರು ಫಾರ್ಮ್ಯಾಟ್ ಅಂತ ಹೇಳಿಯೇ ಇರುತ್ತಾರೆ. ಕೇಳಿ ಕೇಳಿ ಸಿಟ್ಟು ಬರುತ್ತದೆ. ವರ್ಷಗಳ ಲೆಕ್ಕ ಸುಮ್ನೆ ಅಳಿಸಿಹಾಕುವ ಮಾತದು. ‘ಹಳೇ ಪಾಸ್‌ವರ್ಡ್ ತೆಗೆದುಕೊಡ್ತೀವಿ’ ಅಂತ ದುಡ್ಡು ಕೇಳುವವರನ್ನೂ ನಂಬಬೇಡಿ. ಉಬುಂಟು ಒಂದು ಬಗೆಯ ಲಿನಕ್ಸ್. ಲಿನಕ್ಸ್ ಪಾಸ್‌ವರ್ಡನ್ನು ಹಾಗೇ ಬರೆದಿಡುವುದಿಲ್ಲ, ಶ್ಯಾಡೋ ಅನ್ನುವ ಫೈಲ್‌ನಲ್ಲಿ ಅದರ ಹ್ಯಾಶ್ (ಹಿಂದಕ್ಕೆ ತಿರುಗಿಸಲಾಗದ ಗುರುತು) ಮಾತ್ರ ಇಡುತ್ತದೆ. ನಿಮಗೆ ಹಳೆಯದು ಬೇಕಾಗಿಯೂ ಇಲ್ಲ. ಹೊಸದು ಹಾಕಿದರೆ ಆಯಿತಲ್ವಾ?

ಆನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿಯಿರಿ. ಯುಇಎಫ್‌ಐ (ಹಳೇ ಬಯಾಸ್ ಬದಲಿಗೆ ಬಂದ ಬೂಟ್ ವ್ಯವಸ್ಥೆ) ಇರುವ ಕಂಪ್ಯೂಟರ್ ಆದರೆ ಎಸ್ಕೇಪ್ ಒಮ್ಮೆ ಒತ್ತಿ. ಗ್ರಬ್ ಅನ್ನುವ ಬೂಟ್ ಮೆನು ಬರುತ್ತದೆ. ಅದರಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ರಿಕವರಿ ಮೋಡ್, ಆಮೇಲೆ ರೂಟ್ ಆರಿಸಿ. ರೂಟ್ ಅಂದರೆ ಎಲ್ಲ ಹಕ್ಕೂ ಇರುವ ಖಾತೆ, ಅಲ್ಲಿ ಕಮಾಂಡ್ ಟೈಪ್ ಮಾಡಬಹುದು. ಜಾಸ್ತಿ ಜನ ಎಡವುವುದು ಇದಾದ ಮೇಲೆ. ನೇರವಾಗಿ ಪಾಸ್‌ವರ್ಡ್ ಬದಲಿಸುವ ಪಾಸ್‌ಡಬ್ಲ್ಯೂಡಿ (passwd) ಕಮಾಂಡ್ ಕೊಡುತ್ತಾರೆ, ‘ಅಥೆಂಟಿಕೇಶನ್ ಟೋಕನ್ ಮ್ಯಾನಿಪ್ಯುಲೇಶನ್ ಎರರ್’ ಬರುತ್ತದೆ, ಡಿಸ್ಕೇ ಹೋಯಿತು ಅಂದುಕೊಳ್ಳುತ್ತಾರೆ. ಏನೂ ಹೋಗಿಲ್ಲ. ಆ ಹೊತ್ತಿಗೆ ಡಿಸ್ಕ್ ಓದಲಿಕ್ಕೆ ಮಾತ್ರ ತೆರೆದಿರುತ್ತದೆ, ಬರೆಯಲು ಬಿಡುವುದಿಲ್ಲ. ಬರೆಯಲೂ ಆಗುವಂತೆ ತೆರೆಯಲು ಮೊದಲು ‘ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯೂ /’ (mount -o remount,rw /) ಕೊಡಿ. ಹುಡುಗನ ಯೂಸರ್ ಹೆಸರು ಗೊತ್ತಿಲ್ಲದಿದ್ದರೆ ‘ಎಲ್‌ಎಸ್ /ಹೋಮ್’ (ls /home) ಹೊಡೆದು ನೋಡಿ. ಈಗ ಪಾಸ್‌ಡಬ್ಲ್ಯೂಡಿ, ಪಕ್ಕದಲ್ಲಿ ಆ ಹೆಸರು. ಉಬುಂಟುವಿನಲ್ಲಿ ರೂಟ್ ಖಾತೆಗೆ ಬೀಗ ಹಾಕಿರುತ್ತದೆ, ಹಾಗಾಗಿ ಬದಲಿಸಬೇಕಾದದ್ದು ಅಡ್ಮಿನ್ ಹಕ್ಕಿರುವ ಆ ಯೂಸರ್‌ನದು. ಹೊಸ ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆ ಮೇಲೆ ಒಂದು ಚುಕ್ಕೆಯೂ ಕಾಣಿಸುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ, ಹೊಡೆದು ಎಂಟರ್ ಒತ್ತಿ, ಮತ್ತೆ ಕೇಳಿದಾಗ ಅದನ್ನೇ ಹೊಡೆದು ಎಂಟರ್ ಒತ್ತಿ, ರೀಬೂಟ್ ಮಾಡಿ.

ನಾನಾದರೆ ಇದಕ್ಕೂ ಮೊದಲು ಲೈವ್ ಪೆನ್‌ಡ್ರೈವ್‌ನಿಂದ (ಉಬುಂಟು ಅದರಿಂದಲೇ ಓಡುವ ಪೆನ್‌ಡ್ರೈವ್) ಬೂಟ್ ಮಾಡಿ ಲೆಕ್ಕದ ಫೋಲ್ಡರ್ ಕಾಪಿ ತೆಗೆದುಕೊಳ್ಳುತ್ತೇನೆ. ಆ ಅರ್ಧ ಗಂಟೆ ಉಳಿಸಲು ಹೋಗಬೇಡಿ. ಆದರೆ ಆನ್ ಮಾಡುತ್ತಲೇ ಡಿಸ್ಕಿನ ಪಾಸ್‌ಫ್ರೇಸ್ ಕೇಳಿದರೆ ಅದು ಲಕ್ಸ್ (LUKS) ಎನ್‌ಕ್ರಿಪ್ಷನ್, ಅಂದರೆ ಪಾಸ್‌ಫ್ರೇಸ್ ಇಲ್ಲದೆ ಓದಲಾಗದಂತೆ ಇಡೀ ಡಿಸ್ಕಿಗೇ ಹಾಕಿದ ಬೀಗ. ಅಲ್ಲಿ ಈ ದಾರಿ ನಡೆಯುವುದಿಲ್ಲ, ರಿಪೇರಿಯವರ ಕೈಲೂ ಆಗದು. ಆ ಹುಡುಗನಿಗೇ ಫೋನ್ ಮಾಡಿ.

ಪ್ರಶ್ನೆ: ಮದರ್‌ಬೋರ್ಡ್ ಮೇಲಿನ ಪುಟ್ಟ ಸಿಮೋಸ್ ಬ್ಯಾಟರಿ ತೆಗೆದಿಟ್ಟರೆ ಲಿನಕ್ಸ್ ಪಾಸ್‌ವರ್ಡ್ ಹೋಗುತ್ತದಂತೆ, ನಿಜವಾ? (ಗದಗ)

ಉತ್ತರ: ಸುಳ್ಳು. ಪಾಸ್‌ವರ್ಡ್ ಇರುವುದು ಡಿಸ್ಕ್‌ನಲ್ಲಿ, ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ರೂಮ್‌ಮೇಟ್ ಲ್ಯಾಪ್‌ಟಾಪ್‌ಗೂ ಹೀಗೇ ಮಾಡಬಹುದಾ? (ಧಾರವಾಡ)

ಉತ್ತರ: ಬೇಡ. ಅವರನ್ನೇ ಕೇಳಿ.